ಎಡಕ್ಕೆ ತಿರುಗುವ ತಳ

ಬುಟ್ಟಿ ಹೆಣೆಯುವವರ ರಾಷ್ಟ್ರೀಯ ಸಂಘದ ಕಾರ್ಯದರ್ಶಿ ಹಿಡಿದ ಹಠ ಬಿಡುವ ಹೆಂಗಸಲ್ಲ. ಅಡುಗೆಮನೆಯ ನಲ್ಲಿ ಸೋರಿದರೂ ಅಷ್ಟೇ, ಸಂಘದ ನಿಯಮದಲ್ಲಿ ತೂತು ಕಂಡರೂ ಅಷ್ಟೇ, ರಿಪೇರಿ ಆಗುವ ತನಕ ತಾನೂ ಕೂರುವುದಿಲ್ಲ, ಬೇರೆಯವರನ್ನೂ ಕೂರಲು ಬಿಡುವುದಿಲ್ಲ. ಗಂಡ ಅವಳಿಗೆ ‘ಜಿಗಣೆ’ ಎಂದು ಹೆಸರಿಟ್ಟಿದ್ದ. ಪ್ರೀತಿಯಿಂದಲೇ ಇಟ್ಟಿದ್ದ ಅನ್ನಿ.

ಎರಡು ವರ್ಷದಿಂದ ಈ ಜಿಗಣೆ ಕಚ್ಚಿ ಹಿಡಿದಿದ್ದು ಒಂದೇ ವಿಷಯವನ್ನು. ಅವಳ ಅತ್ತೆಯ ಹೆಸರು ಸಂಘದ ಕುಶಲಕರ್ಮಿಗಳ ಪುಸ್ತಕದಲ್ಲಿ ಬರಬೇಕು. ಹತ್ತನೇ ವಯಸ್ಸಿನಿಂದ ಬುಟ್ಟಿ ಹೆಣೆದ ಅತ್ತೆ ಆ ಪುಸ್ತಕದ ಪ್ರಕಾರ ಯಾರೂ ಅಲ್ಲ. ಪರೀಕ್ಷೆಗೆ ಕೂರಬೇಕಾದರೆ ಪುಸ್ತಕದಲ್ಲಿ ಹೆಸರಿರುವ ಗುರುವಿನ ಬಳಿ ಐದು ವರ್ಷ ಕಲಿತ ಪತ್ರ ಬೇಕು. ಅಮ್ಮನ ಪಕ್ಕದಲ್ಲಿ ಕೂತು ಕಲಿತವರಿಗೆ ಪತ್ರ ಎಲ್ಲಿಂದ ಬರಬೇಕು? ಮಾವ ಕೊಡಬಹುದಿತ್ತು. ಸಂಘ ಕಟ್ಟಿದವರೇ ಅವರು, ಮೊದಲ ಅಧ್ಯಕ್ಷರೂ ಅವರೇ. ಬದುಕಿರುವ ತನಕ ಊರೂರಿನ ಹುಡುಗರಿಗೆಲ್ಲ ಪತ್ರ ಬರೆದುಕೊಟ್ಟರು. ಹೆಂಡತಿಗೂ ಒಂದು ಬರೆದುಕೊಡಬೇಕೆಂದು ಆ ಪುಣ್ಯಾತ್ಮರಿಗೆ ಹೊಳೆಯಲೇ ಇಲ್ಲ!

ಈಗ ಅತ್ತೆಯ ಬೆರಳಿನ ಗೆಣ್ಣುಗಳು ಊದಿಕೊಂಡಿದ್ದವು.

“ಈ ವರ್ಷ ಹೇಗೋ ಹೆಣೀತೀನಿ. ಮುಂದಿನ ವರ್ಷ ಈ ಬೆರಳು ಮಡಚೋದೇ ಅನುಮಾನ ಅಂದ್ರು ಡಾಕ್ಟ್ರು,” ಎಂದು ಅತ್ತೆ ಒಂದು ದಿನ ಹೇಳಿಬಿಟ್ಟರು. “ನಾಚಿಕೆ ಬಿಟ್ಟು ಹೇಳ್ತೀನಿ ಕಣೇ, ನನಗೆ ಆಸೆ ಇದೆ. ಆ ಪುಸ್ತಕದಲ್ಲಿ ನನ್ನ ಹೆಸರು ನೋಡ್ಬೇಕು.”

ಮನೆಯಲ್ಲಿ ಕಲಿತವರಿಗೂ ಪರೀಕ್ಷೆಗೆ ಅವಕಾಶ ಕೊಡಿ ಎಂಬ ತಿದ್ದುಪಡಿಯನ್ನು ಸೊಸೆ ಮೊದಲ ವರ್ಷ ತಂದಾಗ ‘ಪರಿಶೀಲಿಸೋಣ’ ಎಂದು ಮೂಲೆಗೆ ತಳ್ಳಿದ್ದರು. ಎರಡನೇ ವರ್ಷ ಮತಕ್ಕೆ ಬಂದಿತ್ತು. ಮೂರರಲ್ಲಿ ಎರಡು ಪಾಲು ಬೇಕಿತ್ತು, ನಾಲ್ಕು ಕೈ ಕಡಿಮೆ ಬಿತ್ತು. ಆಮೇಲೆ ಅವಳು ಸುಮ್ಮನೆ ಕೂರಲಿಲ್ಲ. ವರ್ಷವಿಡೀ ಬಸ್ಸು ಹತ್ತಿ ಇಳಿದು ಹನ್ನೊಂದು ಶಾಖೆಗಳಿಗೆ ಹೋಗಿ ಬಂದಳು. ಎಲ್ಲ ಕಡೆಯೂ ಟೀ ಕೊಟ್ಟು, ತಲೆಯಾಡಿಸಿ, ಕೊನೆಗೆ ಒಂದೇ ಮಾತು ಹೇಳಿದರು: “ಅಧ್ಯಕ್ಷರು ಏನಂತಾರೋ?”

ಅಧ್ಯಕ್ಷರು ಬೇರೆ ಯಾರೂ ಅಲ್ಲ, ಮಾವನ ತಮ್ಮ, ಅವಳಿಗೆ ಚಿಕ್ಕಮಾವ. ಕೆಟ್ಟ ಮನುಷ್ಯರಲ್ಲ. ಆದರೆ ಅಣ್ಣ ಹಾಕಿದ ಗೆರೆ ದಾಟಿ ಗೊತ್ತಿಲ್ಲ.

ವಾರ್ಷಿಕ ಸಭೆಗೆ ಇನ್ನೊಂದು ವಾರವಿತ್ತು. ಮಧ್ಯಾಹ್ನ ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಅವಳು ವರದಿ ಬರೆಯುತ್ತಿದ್ದಳು. ಹೊಸ ಶಾಖೆ ಎರಡು, ತರಬೇತಿ ಕೇಂದ್ರ ಒಂದು, ಹೊಸದಾಗಿ ಕಲಿಯಲು ಸೇರಿದವರು ಅರವತ್ತಕ್ಕೂ ಮಿಕ್ಕಿ. ಎಲ್ಲ ಚೆನ್ನಾಗಿಯೇ ಇತ್ತು. ಪರೀಕ್ಷೆಯ ಪಟ್ಟಿಗೆ ಬಂದಾಗ ಮಾತ್ರ ಪೆನ್ನು ನಿಂತಿತು. ಮೂವತ್ತೊಂದು ಜನ ಕೂತಿದ್ದರು, ಹತ್ತೊಂಬತ್ತು ಜನ ಫೇಲು. ಕಾರಣದ ಜಾಗದಲ್ಲಿ ಹತ್ತೊಂಬತ್ತು ಸಲವೂ ಒಂದೇ ಮಾತು: ತಳದ ಸುತ್ತು ಬಲಕ್ಕೆ ತಿರುಗಿದೆ.

ಇದು ಸಂಘದವರಿಗೆಲ್ಲ ಬಾಯಿಪಾಠವಾದ ನಿಯಮ. ಬುಟ್ಟಿಯ ತಳದಲ್ಲಿ ಬೆತ್ತದ ಎಳೆ ಎಡಕ್ಕೆ ಸುತ್ತಬೇಕು. ಕಚೇರಿಯ ಗಾಜಿನ ಪೆಟ್ಟಿಗೆಯಲ್ಲಿ ಮಾವನ ಮಾದರಿ ಬುಟ್ಟಿ ಇದೆ, ಅದರ ತಳ ಎಡಕ್ಕೆ ತಿರುಗಿದೆ, ಆದ್ದರಿಂದ ದೇಶದ ತಳಗಳೆಲ್ಲ ಎಡಕ್ಕೇ ತಿರುಗಬೇಕು. ಅದಕ್ಕೆ ‘ಸಂಸ್ಥಾಪಕರ ಸುತ್ತು’ ಎಂಬ ದೊಡ್ಡ ಹೆಸರು ಬೇರೆ. ಪರೀಕ್ಷಕರು ಬುಟ್ಟಿ ಕೈಗೆ ಬಂದ ಕೂಡಲೇ ಬೋರಲು ಹಾಕಿ ನೋಡುವುದು ಅದನ್ನೇ. ಬಲಗೈಯವರಿಗೆ ಹಾಗೆ ಹೆಣೆಯುವುದು ದೊಡ್ಡ ಹಿಂಸೆ, ಮಣಿಕಟ್ಟು ಹಿಡಿದುಕೊಳ್ಳುತ್ತದೆ. ಹಾಗೆ ಹೆಣೆದೇ ಕಾರ್ಯದರ್ಶಿಯ ಬಲಗೈಗೂ ಪಟ್ಟಿ ಸುತ್ತಿತ್ತು.

“ನಮ್ಮ ಮಾವ ಅದ್ಯಾಕೆ ಹೀಗೆ ಉಲ್ಟಾ ಹೆಣೆದ್ರೋ,” ಎಂದು ಗೊಣಗುತ್ತಾ ತಲೆ ಎತ್ತಿದಳು.

ಎದುರಿಗೆ ಅತ್ತೆ ನೆಲದ ಮೇಲೆ ಕೂತು ತರಕಾರಿ ಬುಟ್ಟಿಗೆ ತಳ ಹಾಕುತ್ತಿದ್ದರು. ಕಡ್ಡಿಗಳನ್ನು ಬಲಗೈಯಲ್ಲಿ ಅದುಮಿ ಹಿಡಿದು, ಎಡಗೈಯಲ್ಲಿ ಎಳೆ ನಡೆಸುತ್ತಿದ್ದರು. ಅತ್ತೆ ಎಡಚಿ. ಊಟ ಬಿಟ್ಟು ಉಳಿದದ್ದಕ್ಕೆಲ್ಲ ಎಡಗೈಯೇ. ಎಳೆ ಸಲೀಸಾಗಿ ಎಡಕ್ಕೆ ಸುತ್ತುತ್ತಿತ್ತು. ಹದಿನೆಂಟು ವರ್ಷ ದಿನಾ ನೋಡಿದ ಕೈ ಅದು. ಅವತ್ತು ಅವಳು ಪೆನ್ನು ಕೆಳಗಿಟ್ಟು ಅದನ್ನೇ ನೋಡಿದಳು.

“ಅತ್ತೆ, ಆ ಮಾದರಿ ಬುಟ್ಟಿಯ ತಳ ಯಾರು ಹಾಕಿದ್ದು?”

“ಇನ್ಯಾರು? ನಾನೇ. ನಿಮ್ಮ ಮಾವನಿಗೆ ತಳ ಅಂದ್ರೆ ಬೇಜಾರು, ಕೂರೋದಕ್ಕೆ ತಾಳ್ಮೆ ಎಲ್ಲಿತ್ತು? ಅಂಚು ಅವರದು. ಅಂಚು ಚೆನ್ನಾಗಿ ಕಟ್ತಿದ್ರು ಪಾಪ.”

“ಇಷ್ಟು ವರ್ಷ ಬಾಯಿ ಬಿಟ್ಟಿಲ್ವಲ್ಲ ನೀವು!”

“ಯಾರಾದ್ರೂ ಕೇಳಿದ್ರಾ?” ಅತ್ತೆ ಕೈ ನಿಲ್ಲಿಸಿದರು. “ನೋಡು, ಸಭೇಲಿ ಅವರ ಹೆಸರಿಗೆ ಮಸಿ ಬಳೀಬೇಡ.”

“ಮಸಿ ಯಾಕೆ ಬಳೀಲಿ? ಅವರ ಹೆಸರು ಇದ್ದಲ್ಲೇ ಇರುತ್ತೆ. ಪಕ್ಕದಲ್ಲಿ ನಿಮ್ಮದೂ ಬರಲಿ. ನೀವು ಬೆತ್ತ ತಗೊಂಡು ಬನ್ನಿ, ಅಷ್ಟು ಸಾಕು.”

ಎರಡು ದಿನದ ಸಭೆಗೆ ತೊಂಬತ್ತಾರು ಪ್ರತಿನಿಧಿಗಳು ಬಂದಿದ್ದರು. ಮಡಚುವ ಕುರ್ಚಿಗಳು ಕಿರುಗುಟ್ಟುತ್ತಿದ್ದವು, ಮೈಕು ಆಗಾಗ ಕಿರುಚುತ್ತಿತ್ತು. ಅವಳು ವರದಿ ಓದಿ ಮುಗಿಸಿ, ಉಸಿರು ತೆಗೆದುಕೊಳ್ಳದೆ ತಿದ್ದುಪಡಿಯನ್ನೂ ಓದಿದಳು.

ಅಧ್ಯಕ್ಷರು ಮುಖ ಗಂಟು ಹಾಕಿಕೊಂಡರು. “ಹೋದ ವರ್ಷ ಬಿದ್ದಿದ್ದನ್ನೇ ಮತ್ತೆ ಎತ್ತೋದಾ? ಮನೇಲಿ ಕಲಿತವರನ್ನೆಲ್ಲ ಸೇರಿಸ್ಕೊಂಡ್ರೆ ನಮ್ಮ ಸಂಸ್ಥಾಪಕರು ಕಟ್ಟಿದ ಮಟ್ಟ ಏನಾಗ್ಬೇಕು? ಮುಂದಿನ ವರ್ಷ ನೋಡೋಣ.”

“ಮುಂದಿನ ವರ್ಷ ಆಗಲ್ಲ ಅಧ್ಯಕ್ಷರೇ,” ಎಂದಳು ಅವಳು. “ಒಂದು ಪ್ರಶ್ನೆ ಇದೆ. ಸಂಸ್ಥಾಪಕರು ಯಾವ ಕೈಯಲ್ಲಿ ಬೆತ್ತ ಸೀಳೋ ಚಾಕು ಹಿಡೀತಿದ್ರು?”

“ಬಲಗೈಲಿ. ಅದಕ್ಕೂ ಇದಕ್ಕೂ ಏನು ಸಂಬಂಧ?”

ಅವಳು ಮುಂದಿನ ಸಾಲಿನತ್ತ ತಲೆಯಾಡಿಸಿದಳು. ಅತ್ತೆ ಎದ್ದು ಬಂದು ವೇದಿಕೆಯ ಮುಂದೆ ಚಾಪೆ ಹಾಸಿ ಕೂತರು. ನೆನೆಸಿಟ್ಟ ಬೆತ್ತ ತೆಗೆದು, ಕಡ್ಡಿಗಳನ್ನು ಅಡ್ಡ ಉದ್ದ ಜೋಡಿಸಿ, ಎಡಗೈಯಲ್ಲಿ ಸುತ್ತು ಹಾಕತೊಡಗಿದರು. ಒಂದು, ಎರಡು, ಮೂರು ಸುತ್ತು. ಮೊದಲು ಕುರ್ಚಿ ಬಿಟ್ಟು ಎದ್ದವರು ಪರೀಕ್ಷಕರು. ಹಿರಿಯ ಪರೀಕ್ಷಕ ಮಂಡಿಯೂರಿ ಕೂತು ಆ ತಳವನ್ನು ನೋಡಿದ, ಅತ್ತೆಯ ಕೈ ನೋಡಿದ, ಕೊನೆಗೆ ಅಧ್ಯಕ್ಷರ ಮುಖ ನೋಡಿದ.

“ಮಾದರಿ ಬುಟ್ಟಿ ಆದಾಗ ನೀವೂ ಅದೇ ಮನೇಲಿದ್ರಿ,” ಎಂದಳು ಕಾರ್ಯದರ್ಶಿ. “ತಳ ಯಾರು ಹಾಕಿದ್ದು? ಹೇಳಿ ಚಿಕ್ಕಮಾವ.”

ಸಭೆಯಲ್ಲಿ ಅವಳು ಅವರನ್ನು ಹಾಗೆ ಕರೆದದ್ದು ಅದೇ ಮೊದಲು. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ಆಮೇಲೆ ಮೈಕು ಬಿಟ್ಟು, ಚಾಪೆಯ ಮೇಲೆ ಕೂತವರ ಕಡೆ ತಿರುಗಿದರು.

“ಅತ್ತಿಗೇ, ತಳ ನೀವೇ ಹಾಕಿದ್ದು. ಎಲ್ಲಾ ತಳಾನೂ ನಿಮ್ಮದೇ. ಅಣ್ಣ ತಳ ಹಾಕಿದ್ದನ್ನ ನಾನು ಒಂದು ದಿನಾನೂ ನೋಡಿಲ್ಲ. ಗೊತ್ತಿದ್ದೂ ಹೇಳ್ಲಿಲ್ಲ. ತಪ್ಪಾಯ್ತು.”

ಹಿಂದಿನ ಸಾಲಿನಿಂದ ಒಬ್ಬ ಕೇಳಿದ: “ಹಾಗಾದ್ರೆ ನಲವತ್ತು ವರ್ಷದಿಂದ ನಾವೆಲ್ಲ ಮಣಿಕಟ್ಟು ತಿರುಚ್ಕೊಂಡು ಹೆಣೆದಿದ್ದು ಈ ಅಮ್ಮನ ಎಡಗೈನಾ?” ಸಭೆಗೆ ಸಭೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಧ್ಯಕ್ಷರೂ ನಕ್ಕರು, ಕಣ್ಣು ಒರೆಸಿಕೊಂಡೇ ನಕ್ಕರು.

ತಿದ್ದುಪಡಿಗೆ ಬೇಕಿದ್ದದ್ದು ಅರವತ್ನಾಲ್ಕು ಕೈ. ಎದ್ದದ್ದು ಎಂಬತ್ತೆರಡು.

ಪರೀಕ್ಷೆ ಬೇಡ, ಗೌರವಕ್ಕೆಂದು ಹಾಗೆಯೇ ಹೆಸರು ಬರೆದುಬಿಡೋಣ ಎಂದು ಯಾರೋ ಸೂಚಿಸಿದರು. ಅತ್ತೆಗೆ ರೇಗಿತು. “ನನ್ನನ್ನೇನು ಅಂದ್ಕೊಂಡಿದ್ದೀರಿ? ಎಲ್ಲರ ಹಾಗೆ ಕೂರ್ತೀನಿ, ಎಲ್ಲರ ಹಾಗೆ ನೋಡಿ.”

ಸಭೆಯ ಎರಡನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಪರೀಕ್ಷೆಗೆ ಕೂತರು. ತಳ ಸಲೀಸಾಗಿ ಆಯಿತು, ಪಕ್ಕಗಳೂ ಎದ್ದವು. ಅಂಚಿಗೆ ಬಂದಾಗ ಬೆರಳು ಮಾತು ಕೇಳಲಿಲ್ಲ. ಎರಡು ಸಲ ಎಳೆ ಜಾರಿತು, ಎರಡು ಸಲವೂ ಬಿಚ್ಚಿ ಮತ್ತೆ ಹಾಕಿದರು. ನೆರವಿಗೆ ಕೈ ಹಚ್ಚುವ ಹಾಗಿಲ್ಲದ ಸೊಸೆ ಗೋಡೆಗೆ ಒರಗಿ ನಿಂತು ತುಟಿ ಕಚ್ಚಿಕೊಂಡಳು. ಮೂರೂವರೆಗೆ ಬುಟ್ಟಿ ಮೇಜಿಗೆ ಬಂತು. ಪರೀಕ್ಷಕರು ಅಂಚು ಎಳೆದು, ಅಲುಗಾಡಿಸಿ, ತಿರುಗಿಸಿ ನೋಡಿದರು. ನಾಲ್ಕಕ್ಕೆ ಅತ್ತೆಯ ಹೆಸರು ಪುಸ್ತಕದಲ್ಲಿತ್ತು. ಅತ್ತೆ ಅದನ್ನು ಮೂರು ಸಲ ಓದಿದರು.

ಸಭೆ ಮುಗಿಸುವ ಮೊದಲು ಅಧ್ಯಕ್ಷರು ರೂಢಿಯಂತೆ ಕೇಳಿದರು: “ಸದಸ್ಯರು ಯಾರಾದ್ರೂ ಮಾತಾಡೋದಿದೆಯಾ?”

ಅತ್ತೆ ಎದ್ದು ನಿಂತರು. “ಪುಸ್ತಕದಲ್ಲಿ ಹೆಸರು ಬಂತು, ಈಗ ನಾನೂ ಸದಸ್ಯೆ ಅಲ್ವಾ? ಹಾಗಾದ್ರೆ ಬರ್ಕೊಳ್ಳಿ. ಆ ಎಡಕ್ಕೆ ತಿರುಗೋ ನಿಯಮ ತೆಗೀರಿ. ಫೇಲಾದ ಹತ್ತೊಂಬತ್ತು ಮಕ್ಕಳ ಬುಟ್ಟಿ ಇನ್ನೊಂದು ಸಲ ನೋಡಿ.”

ಹಿರಿಯ ಪರೀಕ್ಷಕ ಕೈ ಮುಗಿದ. “ಅಮ್ಮಾ, ಅದು ನಿಮ್ಮ ಸುತ್ತು ಅಂತ ನಮಗೆ ಗೊತ್ತಾಗಿದ್ದೇ ನಿನ್ನೆ. ಇವತ್ತೇ ತೆಗೀಬೇಕಾ?”

“ಅದೇನು ಶಾಸ್ತ್ರನೇನಪ್ಪಾ? ನನ್ನ ಕೈ ಹಾಗಿತ್ತು, ಹಾಗೆ ಹೆಣೆದೆ. ಅವರವರ ಕೈ ಹೇಗಿದೆಯೋ ಹಾಗೆ ಹೆಣೀಲಿ ಬಿಡಿ.”

ನಡಾವಳಿ ಪುಸ್ತಕದಲ್ಲಿ ‘ಸೂಚಿಸಿದವರು’ ಎಂಬಲ್ಲಿ ಸೊಸೆ ಅತ್ತೆಯ ಹೆಸರನ್ನು ಬರೆದಳು. ‘ಅನುಮೋದಿಸಿದವರು ಯಾರು?’ ಎಂದು ಕೇಳಲು ತಲೆ ಎತ್ತಿದರೆ, ಒಬ್ಬರ ಹೆಸರು ಬರೆಯುವ ಹಾಗಿರಲಿಲ್ಲ. ಇಡೀ ಸಭೆ ಎದ್ದು ನಿಂತಿತ್ತು.