ಎಡಗಡೆಯ ಸ್ಪೀಕರು

ಪಕ್ಕದ ಬೀದಿಯಲ್ಲಿ ಇರುವೆ ಆಕಳಿಸಿದರೆ ನನಗೆ ನಿದ್ದೆ ಹಾರಿಹೋಗುತ್ತದೆ. ನಂಬದವರು ಬಿಡಿ, ಆ ಇರುವೆ ಗಂಡೋ ಹೆಣ್ಣೋ ಎಂದೂ ಹೇಳಬಲ್ಲೆ. ಇಂಥ ಕಿವಿಯಿಂದಲೇ ಭಾವನ ಗ್ಯಾರೇಜಿನಲ್ಲಿ ನನಗೆ ಅಷ್ಟು ಮರ್ಯಾದೆ. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡರೆ ಸಾಕು, ಕಬ್ಬಿಣ ತನ್ನ ಕಷ್ಟಸುಖವನ್ನೆಲ್ಲ ನನ್ನೊಡನೆ ತೋಡಿಕೊಳ್ಳುತ್ತದೆ.

ಗಾಡಿ ಓಡಿಸುತ್ತಲೇ ಎಲ್ಲಿ ಏನು ಕೆಟ್ಟಿದೆಯೆಂದು ಸದ್ದಿನಲ್ಲೇ ಹೇಳುವುದು ಗ್ಯಾರೇಜಿನಲ್ಲಿ ಎಲ್ಲಕ್ಕಿಂತ ದೊಡ್ಡ ಕೆಲಸ. ಅದನ್ನು ಮಾಡುತ್ತಿದ್ದ ಹಿರಿಯ ಮೇಸ್ತ್ರಿ ಬಿಟ್ಟುಹೋಗುವವರಿದ್ದರು. ಆ ಜಾಗ ನನಗೇ ಎಂದು ಊರೆಲ್ಲ ಡಂಗುರ ಹೊಡೆದಿದ್ದೆ. ಬಾಯಿ ಬಿಡದವರು ಭಾವ ಒಬ್ಬರೇ. ಒಂದು ದಿನ ಕರೆದು, "ನನ್ನ ಮೇಜಿನ ಮೇಲೆ ಹಾಡು ಕೇಳೋಕೆ ಒಂದು ಸೆಟ್ ಮಾಡ್ಕೊಡೋ. ದುಬಾರಿ ಬೇಡ, ಕಿವಿಗೆ ಹಿತವಾಗಿರ್ಲಿ. ನಿನ್ನ ಕಿವೀನ ಅದರಲ್ಲಿ ನೋಡ್ತೀನಿ, ಆಮೇಲೆ ಮೇಸ್ತ್ರಿ ಜಾಗದ ಮಾತು," ಎಂದರು.

"ಹುಲಿಗೆ ಇಲಿ ಹಿಡಿ ಅಂದಂಗಾಯ್ತು ಭಾವ!"

ಹಳೆಯ ಸಾಮಾನಿನ ಅಂಗಡಿಗೆ ಹೋದೆ. ಮೊಳ ದೂರದಲ್ಲಿ ಕೂತು ಕೇಳುವವನಿಗೆ ಆನೆಯಂಥ ಆಂಪ್ಲಿಫೈಯರ್ ಯಾಕೆ? ಸೋಪಿನ ಡಬ್ಬಿಯಷ್ಟು ಪುಟ್ಟದನ್ನು ಆರಿಸಿದೆ. ಕಂಪ್ಯೂಟರಿನಿಂದ ಬರುವ ಹಾಡಿನ ಗೊರಗೊರ ತೆಗೆಯಲು ಹೆಬ್ಬೆರಳಿನಷ್ಟೇ ಇರುವ ಇನ್ನೊಂದು ಪೆಟ್ಟಿಗೆ. ಅಲ್ಲಿ ಉಳಿಸಿದ ದುಡ್ಡನ್ನೆಲ್ಲ ಸ್ಪೀಕರಿಗೆ ಸುರಿಯಬೇಕು, ಇದು ನನ್ನ ಸಿದ್ಧಾಂತ. ಸಾವಿರ ಜೋಡಿ ಸ್ಪೀಕರುಗಳನ್ನು ಕೇಳಿ ಮೂಗು ಮುರಿದೆ. ಅಂಗಡಿಯಲ್ಲಿದ್ದದ್ದೇ ನಾಲ್ಕು ಜೋಡಿ, ಅದು ಬೇರೆ ಮಾತು. ಕೊನೆಗೆ ಮರದ ಮೈಯ ಒಂದು ಜೋಡಿಯ ಮುಂದೆ ಬಲಗಿವಿ ಒಡ್ಡಿ ಕೂತೆ. ದೊಡ್ಡ ಕೇಳುಗರು ಕೂರುವ ಭಂಗಿಯೇ ಅದು. ಆಹಾ, ಹಾಡುವವಳು ಬಂದು ಮಡಿಲಲ್ಲೇ ಕೂತಳು!

ಅಂಗಡಿಯವನು ಎಡಕ್ಕೆ ನಿಂತು ಏನೋ ತುಟಿ ಅಲ್ಲಾಡಿಸಿದ. "ಗೊತ್ತು ಗೊತ್ತು," ಎಂದೆ. ಬೆಲೆ ಧೊಪ್ಪನೆ ಅರ್ಧಕ್ಕಿಳಿಯಿತು. ನನ್ನ ಚೌಕಾಶಿಗೆ ಅವನು ಗೊಳೋ ಎಂದು ಅತ್ತನೆಂದು ಗ್ಯಾರೇಜಿನಲ್ಲಿ ಹೇಳಿದೆ.

ಭಾವನ ಆಫೀಸೆಂದರೆ ಬೆಂಕಿಪೊಟ್ಟಣ. ಎದುರು ಬಾಗಿಲು, ಎಡಕ್ಕೆ ಬಿಡಿಭಾಗಗಳ ಕಪಾಟು, ಬಲಕ್ಕೆ ಗೋಡೆ. ಮೇಜಿನ ಹಿಂದೆ ಕೂತವನು ಹೊರಬರಬೇಕಾದರೆ ಕಪಾಟು ಉಜ್ಜಿಕೊಂಡೇ ಬರಬೇಕು. ಎಲ್ಲ ಜೋಡಿಸಿ ಹಾಡು ಹಚ್ಚಿದೆ. ಲೆಕ್ಕ ನೋಡಿಕೊಳ್ಳುವ ಅಕ್ಕನೂ ಬಂದಳು. ಭಾವ ಕಣ್ಣು ಮುಚ್ಚಿ ಕೂತರು, ಒಂದು ಕಣ್ಣು ತೆರೆದರು.

"ಎಡಗಡೆದು ಉಸಿರೇ ಬಿಡ್ತಿಲ್ವಲ್ಲೋ."

"ಹೊಸ ಜಾಗ ಭಾವ, ಸಂಕೋಚ. ನಾಲ್ಕು ದಿನ ಹಾಡಿಸಿ, ಗಂಟಲು ಬಿಟ್ಕೊಳುತ್ತೆ."

"ಹಳೇ ಸ್ಪೀಕರಿಗೆ ಎಂಥಾ ಸಂಕೋಚ? ಬಾ, ನೀನೇ ಕೂತು ಕೇಳು."

ಕೂತೆ. ಬೆನ್ನು ಗೋಡೆಗೆ, ಮೊಣಕಾಲು ಮೇಜಿಗೆ ತಾಗಿದವು. ಬಾಗಿಲಿಗೆ ಅಡ್ಡವಾಗಿ ಭಾವ, ಕಪಾಟಿಗೆ ಒರಗಿ ಅಕ್ಕ. ಇಲಿ ಹಿಡಿಯಲು ಹೊರಟ ಹುಲಿ ಬೋನಿನೊಳಗಿತ್ತು. ತಲೆ ತಿರುಗಿಸಿ ಬಲಗಿವಿ ಒಡ್ಡಿದರೆ ಕೆಲಸ ಕೆಟ್ಟಿತೆಂದು ಕತ್ತು ಬಿಗಿಹಿಡಿದೆ.

"ಕೇಳಿಸ್ತಿದೆ. ಸಣ್ಣಗೆ. ಸೂಕ್ಷ್ಮ ಕಿವಿಗೆ ಮಾತ್ರ."

"ಸೂಕ್ಷ್ಮವಂತೆ!" ಎಂದಳು ಅಕ್ಕ, ಗಟ್ಟಿಯಾಗಿ. "ಪರೀಕ್ಷೇಲಿ ಸೊನ್ನೆ ಬಂದಾಗ್ಲೂ ಮಾರ್ಕು ಸೂಕ್ಷ್ಮವಾಗಿದೆ ಅಂದೋನು ನೀನು." ಅಂಗಡಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಲೆಂದು ಮೇಜಿನ ಮೇಲಿಟ್ಟಳು.

"ಎಡಗಡೆದು ಸತ್ತಿದೆ, ರಿಪೇರಿ ಮಾಡಿಸ್ಕೋಬೇಕು ಅಂತ ಪಕ್ಕದಲ್ಲೇ ನಿಂತು ಹೇಳಿದ್ನಲ್ಲಮ್ಮ," ಎಂದಿತು ಅಂಗಡಿಯವನ ದನಿ. "ಗೊತ್ತು ಗೊತ್ತು ಅಂದ್ರು. ಅದಕ್ಕೇ ಅರ್ಧಕ್ಕೆ ಕೊಟ್ಟಿದ್ದು."

ಫೋನು ಆರಿತು. ಬಲಗಡೆಯ ಸ್ಪೀಕರು ಒಂದೇ ಸಮನೆ ಹಾಡುತ್ತಿತ್ತು. ಅಕ್ಕನ ಮುಖ ನೋಡುವ ಧೈರ್ಯವಾಗದೆ ಮೇಜನ್ನೇ ನೋಡುತ್ತಿದ್ದೆ. ತಲೆಯೆತ್ತಿದಾಗ ಭಾವ ನನ್ನ ಎಡಕ್ಕೆ ನೋಡುತ್ತಿದ್ದರು. ಆಮೇಲೆ ನನ್ನನ್ನು ನೋಡಿ, ಉತ್ತರಕ್ಕೆ ಕಾದರು. ಅಕ್ಕ ಏನೋ ಅಂದಿರಬೇಕು.

"ಗೊತ್ತು ಗೊತ್ತು," ಎಂದೆ.

ಭಾವ ಕೈಚಾಚಿ ಹಾಡು ನಿಲ್ಲಿಸಿದರು.

"ಏನೋ ಗೊತ್ತು?" ಅಕ್ಕ ನನ್ನೆದುರಿಗೆ ಬಗ್ಗಿದಳು. ಅವಳ ದನಿಯಲ್ಲಿ ತಮಾಷೆಯಿರಲಿಲ್ಲ. "ಈ ಕಿವಿ ಹೋಗಿ ಎಷ್ಟು ದಿನ ಆಯ್ತೋ ಅಂತ ಕೇಳ್ದೆ ಕಣೋ."

ಹತ್ತು ಸುಳ್ಳುಗಳು ಒಟ್ಟಿಗೆ ನಾಲಿಗೆಯ ತುದಿಗೆ ನುಗ್ಗಿಬಂದು, ಒಂದಕ್ಕೊಂದು ಸಿಕ್ಕಿಕೊಂಡು ಅಲ್ಲೇ ನಿಂತವು.

"ನನ್ನ ಎಡಕ್ಕೇ ಲಾರಿ ಟೈರು ಸಿಡೀತಲ್ಲ, ಆವತ್ತಿಂದ," ಎಂದೆ. "ಬರೀ ಗುಂಯ್ ಅನ್ನುತ್ತೆ. ಸ್ಕ್ರೂಡ್ರೈವರ್ ಬಲಗಿವಿಗೆ ಇಟ್ಕೋತೀನಿ, ಅದು ಹೆಂಗೋ ನಡೆಯುತ್ತೆ. ಆದ್ರೆ ಓಡೋ ಗಾಡೀಲಿ ಸದ್ದು ಯಾವ ಕಡೆಯಿಂದ ಬರುತ್ತೆ ಅಂತ ತಿಳಿಯಲ್ಲ ಭಾವ. ಆ ಬಿಳೀ ವ್ಯಾನು ರಿಪೇರಿ ಆದ್ಮೇಲೂ ವಾಪಸ್ ಬಂತಲ್ಲ, ಅಳ್ತಿದ್ದದ್ದು ಎಡಚಕ್ರ. ನಾನು ಬಲಗಡೆದನ್ನ ಬಿಚ್ಚಿಸ್ದೆ. ಮೇಸ್ತ್ರಿ ಜಾಗ ನಂಗೆ ಕೊಡ್ಬೇಡಿ."

ಭಾವ ಬಾಗಿಲು ಬಿಟ್ಟು ಸರಿದರು. ಅಕ್ಕನೂ ಕಪಾಟಿನಿಂದ ಈಚೆ ಬಂದಳು. ಎದ್ದು ಹೋಗಬಹುದಿತ್ತು, ಕೂತೇ ಇದ್ದೆ.

ಇರುವೆಯ ಮಾತೂ ಸುಳ್ಳು. ಗೇಣು ದೂರದಲ್ಲಿ ನಿಂತು ಅಕ್ಕ ಕೇಳಿದ್ದೇ ನನಗೆ ಕೇಳಿಸಿರಲಿಲ್ಲ.