ನಲವತ್ತು ನಿಮಿಷದ ಬಿಸಿಲು

ಹಲ್ಲಿನಕ್ಕನ ಮನೆಗೆ ಬಿಸಿಲು ಬರುವುದು ದಿನಕ್ಕೆ ನಲವತ್ತೇ ನಿಮಿಷ. ಎದುರಿಗೆ ಮುಗಿಲಿಗೆ ತಾಗುವಂಥ ಎರಡು ಕಟ್ಟಡ, ಅವುಗಳ ನಡುವೆ ಒಂದು ಸಂದಿ. ಹನ್ನೊಂದಕ್ಕೆ ಸೂರ್ಯ ಆ ಸಂದಿಯಲ್ಲಿ ಇಣುಕುತ್ತಾನೆ, ಹನ್ನೊಂದು ನಲವತ್ತಕ್ಕೆ ಮಾಯ. ಆಮೇಲೆ ಮರುದಿನದವರೆಗೂ ಲೈಟೇ ಗತಿ. ಒಗೆದ ಬಟ್ಟೆ ಮೂರು ದಿನ ಒಣಗುವುದಿಲ್ಲ, ಒಣಗಿದರೂ ಮುಗ್ಗಲು ವಾಸನೆ.

ಕೊಳ್ಳುವಾಗ ಇದೆಲ್ಲ ಅವಳಿಗೆ ಗೊತ್ತಿತ್ತೇ? ಗೊತ್ತಿದ್ದರೆ ಯಾರಾದರೂ ಕೊಳ್ಳುತ್ತಾರೆಯೇ? ಪರದೇಶಕ್ಕೆ ಬಂದು ಹನ್ನೆರಡು ವರ್ಷದಿಂದ ಅವಳು ದಂತವೈದ್ಯರಿಗೆ ಹಲ್ಲುಸೆಟ್ಟು ಮಾಡಿಕೊಡುತ್ತಾಳೆ, ಹೆಸರು ಬಂದಿದ್ದೂ ಅದರಿಂದಲೇ. ಸೆಟ್ಟು ಹಾಕಿಕೊಂಡು ನೋಡಲು ಬಂದವರಿಗೆಲ್ಲ ಅವಳದು ಒಂದೇ ಮಾತು: "ಕನ್ನಡೀಲಿ ನೋಡಿ ಒಪ್ಕೋಬೇಡಿ, ಕಚ್ಚಿ ನೋಡಿ." ಊರಿಗೆಲ್ಲ ಹೇಳಿದ ಬುದ್ಧಿ ತನಗೆ ಬೇಕಾದ ದಿನ ಎಲ್ಲಿ ಹಾಳಾಗಿ ಹೋಗಿತ್ತೋ!

ಮಾರಿದವನು ನಮ್ಮ ಭಾಷೆಯವನೇ, ಬೆಲ್ಲದ ಮಾವ. ಸಂಬಂಧದಲ್ಲಿ ಮಾವನೇನಲ್ಲ. ಬಾಯಿ ಬೆಲ್ಲ, ಅದಕ್ಕೆ ಎಲ್ಲರೂ ಹಾಗೆ ಕರೆಯುತ್ತಿದ್ದರು. "ತಗೊಂಡು ಬಾಡಿಗೆಗೆ ಬಿಟ್ಬಿಡಮ್ಮ, ಆಮೇಲೆ ಕೂತ್ಕೊಂಡು ತಿನ್ನು" ಅಂದ. ಸರಿಯಾಗಿ ಹನ್ನೊಂದಕ್ಕೆ ಗಂಡ ಹೆಂಡಿರನ್ನು ಕರೆಸಿದ, ಬಿಸಿಲಲ್ಲಿ ಕೂರಿಸಿ ಒಂದು ಲೋಟ ಟೀ ಕೊಟ್ಟ, ಹನ್ನೊಂದೂವರೆಗೆ "ಏಳಿ ಏಳಿ, ನೋಂದಣಿ ಕಚೇರಿ ಮುಚ್ಚಿಬಿಡುತ್ತೆ" ಎಂದು ಎಬ್ಬಿಸಿಕೊಂಡು ಹೋದ. ಪರದೇಶದಲ್ಲಿ ನಮ್ಮ ಮಾತು ಕಿವಿಗೆ ಬಿದ್ದರೆ ಸಾಕು, ನಮಗೆ ಮೈಮೇಲೆ ಪ್ರಜ್ಞೆ ಇರುವುದಿಲ್ಲ. ಹಗಲು ಕಂಡ ಬಾವಿಗೆ ರಾತ್ರಿ ಬೀಳುವವರುಂಟು. ಇವಳು ಹಗಲಲ್ಲೇ ಕಂಡು ಹಗಲಲ್ಲೇ ಬಿದ್ದಳು.

ಬಾಡಿಗೆಯವರು ಬಂದರು, ಎರಡೆರಡು ತಿಂಗಳಿಗೆ ಕೆಮ್ಮುತ್ತಾ ಹೋದರು. ಕೊನೆಗೆ ಇವರೇ ಬಂದು ಇರಬೇಕಾಯಿತು. ಮಾರೋಣವೆಂದರೆ ಅದಕ್ಕೂ ಕಾನೂನು: ಕಟ್ಟಡದಲ್ಲಿ ಹೊರದೇಶದವರಿಗೆಂದು ಬಿಟ್ಟ ಎಂಟು ಮನೆಗಳಲ್ಲಿ ಇದೊಂದು, ಮತ್ತೆ ಹೊರದೇಶದವರಿಗೇ ಮಾರಬೇಕು. ಬೀಗ ಹಾಕಿ ಹೋಗೋಣವೆಂದರೆ ಮೂರು ತಿಂಗಳು ಖಾಲಿ ಬಿಟ್ಟ ಮನೆಯನ್ನು ಸರ್ಕಾರ ಹರಾಜು ಹಾಕುತ್ತದೆ. ಹನ್ನೆರಡು ವರ್ಷದ ದುಡಿಮೆಯನ್ನು ಹರಾಜಿಗೆ ಬಿಟ್ಟು ಹೋಗಲು ಯಾರಿಗೆ ಕೈ ಬರುತ್ತದೆ? ನುಂಗಲಾರದ, ಉಗುಳಲಾರದ ಬಿಸಿತುಪ್ಪವಾಯಿತು ಮನೆ.

ಈ ನಡುವೆ ಗಂಡನಿಗೆ ದೂರದ ಬಂದರಿನ ಊರಲ್ಲಿ ಕೆಲಸ ಸಿಕ್ಕಿತು. ಎಂಟು ವರ್ಷದ ಮಗಳನ್ನು ಅಲ್ಲಿನ ಶಾಲೆಗೆ ಸೇರಿಸಿ ಆರು ತಿಂಗಳಾಗಿದೆ. ಅವನಿಗೆ ಶಿಫ್ಟು. ಮಗು ಕೊರಳಿಗೆ ಕೀಲಿ ಕಟ್ಟಿಕೊಂಡು ಓಡಾಡುತ್ತದೆ, ತಾನೇ ಬಾಗಿಲು ತೆಗೆದುಕೊಂಡು, ತಾನೇ ಬಡಿಸಿಕೊಂಡು ಉಣ್ಣುತ್ತದೆ. ತಾಯಿ ಇಲ್ಲಿ ಕತ್ತಲೆಗೆ ಕಾವಲು. ಆ ಕೀಲಿ ನೆನಪಾದಾಗಲೆಲ್ಲ ಹಲ್ಲಿನಕ್ಕ ಕೈಲಿದ್ದ ಕೆಲಸ ಬಿಟ್ಟು ಫೋನು ಹಿಡಿಯುತ್ತಿದ್ದಳು.

ಮನೆ ನೋಡಲು ಮಧ್ಯಾಹ್ನ ಬಂದ ಹನ್ನೊಂದು ಜನವೂ ಹೊಸ್ತಿಲಲ್ಲೇ ಮೂಗು ಮುರಿದು ಹೋದರು. ಹನ್ನೆರಡನೆಯವಳು ಬರುತ್ತಾಳೆಂದಾಗ ಗಂಡ ಫೋನಿನಲ್ಲಿ ಹೇಳಿದ: "ಹನ್ನೊಂದಕ್ಕೆ ಕರಿಯೇ. ಮಾವ ನಮ್ಮನ್ನ ಕರೆದ ಹಾಗೆ."

"ಪಾಪ ಅಲ್ವೇನ್ರೀ?"

"ನಮ್ಮನ್ನ ಯಾರು ಪಾಪ ಅಂದ್ರು? ಮಗು ಮುಖ ನೋಡಿ ಯೋಚನೆ ಮಾಡು."

ಅವಳು ಹನ್ನೊಂದಕ್ಕೇ ಕರೆದಳು.

ಬಂದವಳು ಒಬ್ಬ ದರ್ಜಿ ಹೆಂಗಸು, ಈ ಊರಿಗೆ ಹೊಸಬಳು. ಬೇರೆ ಊರಿನ ಹೋಟೆಲೊಂದರ ನೆಲಮಾಳಿಗೆಯಲ್ಲಿ ಸಮವಸ್ತ್ರ ರಿಪೇರಿ ಮಾಡುತ್ತಾ ಒಂಬತ್ತು ವರ್ಷ ಕಿಟಕಿ ಕಾಣದೆ ಕಳೆದವಳು. ಒಳಗೆ ಕಾಲಿಟ್ಟವಳೇ ಬಿಸಿಲಲ್ಲಿ ನಿಂತು ಎರಡೂ ಕೈ ಚಾಚಿದಳು.

"ಅಯ್ಯೋ ಅಕ್ಕಾ, ಎಷ್ಟು ಬೆಳಕು! ಮಿಷನ್ನು ಇಲ್ಲೇ, ಕಿಟಕಿ ಪಕ್ಕಾನೇ ಹಾಕ್ತೀನಿ. ಕಪ್ಪು ಬಟ್ಟೆಗೆ ಕಪ್ಪು ದಾರ ಹೊಲೀಬೇಕಲ್ಲ, ಲೈಟಲ್ಲಿ ಹೊಲಿದೂ ಹೊಲಿದೂ ಕಣ್ಣೆಲ್ಲ ಹೋಯ್ತು. ಮುಂದೆ ಬೇಡಾಂದ್ರೆ ಬಾಡಿಗೆಗೆ ಬಿಟ್ಟು ಕೂತ್ಕೊಂಡು ತಿನ್ನಬಹುದು, ಅಲ್ವಾ?"

"ಹೂಂ" ಅಂದಳು ಹಲ್ಲಿನಕ್ಕ. ಬೆಲ್ಲದ ಮಾವನ ಮಾತು ಅದು, ತಾನಾಗಿ ಇವಳ ಬಾಯಲ್ಲೇ ಬಂತು. ತಾನು ಒಂದು ಸುಳ್ಳನ್ನೂ ಹೇಳಬೇಕಾಗಿಲ್ಲ! ಟೀ ಕೊಟ್ಟಳು. ಲೋಟ ಹಿಡಿದ ಕೈಯ ತೋರುಬೆರಳ ತುದಿಯೆಲ್ಲ ಸೂಜಿ ಚುಚ್ಚಿ ಜಡ್ಡುಗಟ್ಟಿತ್ತು.

ಹನ್ನೊಂದೂ ಇಪ್ಪತ್ತೈದಕ್ಕೆ ದರ್ಜಿ ಲೋಟ ಕೆಳಗಿಟ್ಟು ಚೀಲ ಹೆಗಲಿಗೇರಿಸಿದಳು. "ನನಗೆ ಒಪ್ಪಿಗೆ ಅಕ್ಕಾ. ಕಾಗದ ಎಲ್ಲ ತಂದಿದೀನಿ. ಕಚೇರಿ ಹನ್ನೆರಡಕ್ಕೆ ಮುಚ್ಚುತ್ತಂತೆ, ಈಗಲೇ ಹೋಗಿ ಸಹಿ ಹಾಕ್ಬಿಡೋಣ. ನಮ್ಮವರೇ ಸಿಕ್ಕಿದ್ದು ನನ್ನ ಪುಣ್ಯ."

ಅಷ್ಟೇ. ಇನ್ನು "ನಡಿಯಮ್ಮ" ಅಂದು ಚಪ್ಪಲಿ ಮೆಟ್ಟಿಕೊಂಡರೆ ಮುಗಿಯಿತು. ನಾಳೆ ರೈಲು, ನಾಡಿದ್ದು ಮಗಳ ಕೊರಳಿಂದ ಆ ದರಿದ್ರ ಕೀಲಿ ಬಿಚ್ಚಿ ಎಸೆಯಬಹುದು. ಹಲ್ಲಿನಕ್ಕ ಒಂದು ಕಾಲಿಗೆ ಚಪ್ಪಲಿ ಹಾಕಿಯೂ ಆಗಿತ್ತು. ಅಷ್ಟರಲ್ಲಿ ತನ್ನದೇ ಆ ಮಾತು ನೆನಪಿಗೆ ಬಂತು. ಕಚ್ಚಿ ನೋಡಿ. ಸಾವಿರ ಜನಕ್ಕೆ ಹೇಳಿದ್ದಳಲ್ಲ, ಪಾಪಿ! ಬಾಯಿಬಿಟ್ಟು ನಿಜ ಹೇಳುವ ಧೈರ್ಯವಂತೂ ಬರಲಿಲ್ಲ. ಮುಚ್ಚಿಡುವ ಧೈರ್ಯವೂ ಸಾಲಲಿಲ್ಲ.

"ಇನ್ನೊಂದು ಲೋಟ ಕುಡಿದು ಹೋಗೋಣ ಕೂತ್ಕೊಮ್ಮ" ಅಂದಳು.

"ಬೇಡಕ್ಕಾ, ಹೊತ್ತಾಗುತ್ತೆ."

"ಆಗ್ಲಿ, ಕಚೇರಿ ನಾಳೇನೂ ಇರುತ್ತೆ. ಕೂತ್ಕೋ ಅಂದ್ನಲ್ಲ!" ಮಾತು ಗದರಿಕೆಯಂತೆ ಬಂತು. ಯಾರನ್ನು ಗದರಿದ್ದೋ ಅವಳಿಗೇ ತಿಳಿಯಲಿಲ್ಲ.

ನೀರಿಟ್ಟಳು. ಕುದಿಯುವ ನೀರು ಕೂಡ ಅವತ್ತೇ ಸತಾಯಿಸಬೇಕೇ? ಗಂಡನ ಫೋನು ಬಂತು. "ಆಯ್ತಾ?" ಅಂದ. "ಆಗ್ತಿದೆ" ಎಂದು ಇಟ್ಟುಬಿಟ್ಟಳು. ದರ್ಜಿ ಸುಮ್ಮನೆ ಕೂರಲಾರದೆ ಚೀಲದಿಂದ ಅಳತೆ ಟೇಪು ತೆಗೆದು, ಮಿಷನ್ನಿಗೆ ಜಾಗ ಸಾಲುತ್ತದೆಯೇ ಎಂದು ಕಿಟಕಿಯ ಕೆಳಗೆ ಅಳೆಯತೊಡಗಿದಳು. ಹಲ್ಲಿನಕ್ಕ ಸಕ್ಕರೆ ಡಬ್ಬಿ ಹುಡುಕುವ ನೆಪದಲ್ಲಿ ಗಡಿಯಾರ ನೋಡಿದಳು. ಮೂವತ್ತೆಂಟು. ಮೂವತ್ತೊಂಬತ್ತು.

"ಮೂರು ಅಡಿ..." ಅಂದಳು ದರ್ಜಿ. ಟೇಪನ್ನು ಕಣ್ಣಿನ ಹತ್ತಿರ ತಂದುಕೊಂಡಳು. ಇನ್ನಷ್ಟು ಹತ್ತಿರ ತಂದಳು. "ಮೂರಾ ಎಂಟಾ ಇದು?"

ಗೋಡೆಯ ಮೇಲಿನ ಬಿಸಿಲು ಎದ್ದು ಹೋಗಿತ್ತು. ದರ್ಜಿ ಕಿಟಕಿಯಿಂದ ತಲೆ ಹೊರಹಾಕಿ ಎದುರಿನ ಕಟ್ಟಡ ನೋಡಿದಳು, ಪಕ್ಕದ್ದು ನೋಡಿದಳು, ತಿರುಗಿ ಗಡಿಯಾರ ನೋಡಿದಳು. ಟೇಪನ್ನು ನಿಧಾನವಾಗಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಒಂದು ಬೈಗುಳವನ್ನಾದರೂ ಬೈಯಬಾರದೇ? ಬೈಯಲಿಲ್ಲ. ಎರಡನೆಯ ಲೋಟದ ಟೀಯನ್ನು ತಳ ಕಾಣುವವರೆಗೂ ಕುಡಿದಳು.

ಬಾಗಿಲ ಹತ್ತಿರ ನಿಂತು ಕೇಳಿದಳು: "ಅಕ್ಕಾ, ನಿಮಗೆ ಯಾರೂ ಎರಡನೇ ಲೋಟ ಕೊಡ್ಲಿಲ್ವಾ?"

"ಇಲ್ಲಮ್ಮ."

ದರ್ಜಿ ಅವಳ ಕೈಯನ್ನೊಮ್ಮೆ ಹಿಡಿದು ಬಿಟ್ಟು ಮೆಟ್ಟಿಲಿಳಿದಳು. ಹಲ್ಲಿನಕ್ಕ ಬಾಗಿಲು ಹಾಕಿ, ಒಂದೇ ಕಾಲಿಗಿದ್ದ ಚಪ್ಪಲಿ ಬಿಚ್ಚಿಟ್ಟು, ಕಿಟಕಿಯ ಕೆಳಗೆ ಕುಕ್ಕರಿಸಿದಳು. ಒಳ್ಳೆಯದು ಮಾಡಿದೆನೆಂಬ ಸಮಾಧಾನವಾದರೂ ಬರಬೇಕಿತ್ತಲ್ಲ! ಬರಲಿಲ್ಲ. ತನ್ನ ಮಗಳ ಬಾಯಿಗೆ ತಾನೇ ಮಣ್ಣು ಹಾಕಿದಂತಾಗಿ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು.

ಫೋನು ಮತ್ತೆ ಹೊಡೆದುಕೊಂಡಿತು. ವಿಡಿಯೋ ಕರೆ. ಅವತ್ತು ಶಾಲೆ ಬೇಗ ಬಿಟ್ಟಿತ್ತು. ಪರದೆಯ ತುಂಬ ಮಗಳ ಮುಖ, ಕೊರಳಲ್ಲಿ ಕೀಲಿ, ಹಿಂದೆ ಕಣ್ಣು ಕುಕ್ಕುವ ಬಿಸಿಲು.

"ಅಮ್ಮಾ, ಮನೆ ಮಾರಾಯ್ತಾ? ಯಾವಾಗ ಬರ್ತೀಯಾ?" ಎಂದ ಮಗು ಪರದೆಗೆ ಕಣ್ಣು ಹತ್ತಿರ ತಂದಿತು. "ಅಮ್ಮಾ? ನಿನ್ನ ಮುಖಾನೇ ಕಾಣ್ತಿಲ್ಲ. ಅಲ್ಲಿ ರಾತ್ರಿ ಆಗೋಯ್ತಾ?"

"ಇರು ಕಂದಾ" ಅಂದಳು ಹಲ್ಲಿನಕ್ಕ. ಗಂಟೆ ಹನ್ನೆರಡೂ ಆಗಿರಲಿಲ್ಲ. ಎದ್ದು ಹೋಗಿ ಲೈಟು ಹಾಕಿದಳು.