ಗೆರೆಯ ಕಣ್ಣು, ಕೊಕ್ಕೆಯ ಮೂಗು

ನನ್ನ ಗಂಡ ಸುಕೇಶ್‌ಗೆ ತಮ್ಮ ಮುಖದ ಬಗ್ಗೆ ಗರ್ವ ಎಂದೂ ಇರಲಿಲ್ಲ. ಮಸ್ಕತ್ತಿನಿಂದ ದೂರದ ದುಕ್ಮ್ ಬಂದರಿನಲ್ಲಿ ಕ್ರೇನ್ ಓಡಿಸುವವರಿಗೆ ಅದು ಎಲ್ಲಿಂದ ಬರಬೇಕು? ಅದನ್ನು ತಂದುಕೊಟ್ಟವರು ಒಕಾಬೆ ಎಂಬ ಜಪಾನಿ ಚಿತ್ರಕಾರರು. ಬಂದರಿನ ಚಿತ್ರ ಬರೆಯಲು ಕಂಪನಿಯೇ ಅವರನ್ನು ಕರೆಸಿತ್ತು. ಇವರು ಊಟದ ಬಿಡುವನ್ನೆಲ್ಲ ಬಿಟ್ಟು ಅವರೆದುರು ಬಿಸಿಲಲ್ಲಿ ನಿಂತರು.

"ನನ್ನ ಮುಖ ಚಿನ್ನದ ಹಾಳೆಯ ಮೇಲೆ ಬರ್ತದೆ ಮಾರಾಯ್ತಿ!" ಎಂದು ಮಸ್ಕತ್ತಿನ ದಾರ್ಸೈಟಿನಲ್ಲಿದ್ದ ನಮ್ಮ ಮನೆಗೆ ಫೋನ್ ಮಾಡಿದರು. ಮಗಳು ತೃಷಾ ಶಾಲೆಯಿಡೀ ಸಾರಿದಳು. ನಾನೇನು ಕಡಿಮೆ? ಆಫೀಸಿಡೀ ಹೇಳಿಕೊಂಡು ತಿರುಗಿದೆ.

ಮಸ್ಕತ್ತಿನ ಹೋಟೆಲೊಂದರಲ್ಲಿ ಚಿತ್ರದ ಅನಾವರಣವಾಯಿತು. ಗೋಡೆಯಗಲದ ಚಿತ್ರ, ಹಿನ್ನೆಲೆಗೆ ಚಿನ್ನದ ಹಾಳೆ. ಮುಂದೆ ಕಂಪನಿಯ ದೊಡ್ಡವರು, ಯುರೋಪಿನ ರೀತಿಯ ಎಣ್ಣೆಬಣ್ಣದಲ್ಲಿ, ನೆರಳು ಬೆಳಕು ಸಮೇತ. ಎಂಡಿಯ ಕೆನ್ನೆಯ ಮಚ್ಚೆಯನ್ನೂ ಬಿಟ್ಟಿರಲಿಲ್ಲ. ಹಿಂದೆ ಕೆಲಸಗಾರರು, ಹಳೆಯ ಜಪಾನಿ ರೀತಿಯಲ್ಲಿ. ಕಣ್ಣಿಗೊಂದು ಗೆರೆ, ಮೂಗಿಗೊಂದು ಕೊಕ್ಕೆ. ಎಲ್ಲರಿಗೂ ಅದೇ ಮುಖ.

"ಸರ್, ನಾನು ನಿಂತಿದ್ದೆನಲ್ಲ?" ಎಂದು ಇವರು ಇಂಗ್ಲಿಷಿನಲ್ಲಿ ಕೇಳಿದರು.

ಒಕಾಬೆ ತಲೆಬಾಗಿದರು. "ಹಿಂದೆ ನಮ್ಮಲ್ಲಿ ರಾಜಕುಮಾರರನ್ನು ಹೀಗೆ ಬರೆಯುತ್ತಿದ್ದರು. ಇದು ನಿಮಗೆ ಗೌರವ."

"ಹಾಗಾದರೆ ಆ ಗೌರವ ಎಂಡಿಗೆ ಯಾಕಿಲ್ಲ?" ಎಂದೆ ನಾನು.

ಅವರು ಮೆಲ್ಲಗೆ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಕೆಟ್ಟ ಮನುಷ್ಯನಾಗಿದ್ದರೆ ನಾಲ್ಕು ಮಾತು ಬೈದಾದರೂ ಬರಬಹುದಿತ್ತು. ಈ ಮನುಷ್ಯ ನಿಜವಾಗಿಯೂ ಗೌರವ ಕೊಟ್ಟೆನೆಂದೇ ನಂಬಿದ್ದರು.

"ಪಪ್ಪಾ, ವೇರ್ ಆರ್ ಯೂ?" ತೃಷಾ ಮೊಬೈಲ್ ಎತ್ತಿ ಹಿಡಿದು ಕಾಯುತ್ತಿದ್ದಳು.

ಇವರು ತಡಮಾಡಲಿಲ್ಲ. ಹಗ್ಗ ಹಿಡಿದಿದ್ದ ಒಬ್ಬನತ್ತ ಬೆರಳು ತೋರಿಸಿದರು. "ಇದು ನಾನೇ. ಮೂಗು ನೋಡು, ನನ್ನದೇ ಅಲ್ವಾ?"

ಅಷ್ಟರಲ್ಲಿ ಇಸ್ಮಾಯಿಲ್ ಬಂದ. ದುಕ್ಮ್‌ನಲ್ಲಿ ಇವರ ಜೊತೆಗೇ ಬಿಸಿಲಿಗೆ ನಿಂತವನು. ಊರಿನಲ್ಲಿದ್ದ ಹೆಂಡತಿ ಆಸಿಯಮ್ಮನಿಗೆ ವಿಡಿಯೋ ಕಾಲ್ ಮಾಡಿ, ಅದೇ ಹಗ್ಗದವನ ಮೇಲೆ ಬೆರಳಿಟ್ಟ. "ಇವ ನಾನು. ಕಾಣ್ತದಾ?"

"ಹೌದೌದು, ನೀವೇ!" ಫೋನಿನಿಂದ ಸಂತೋಷದ ಕೂಗು ಬಂತು.

ಇಬ್ಬರೂ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಇವರು ತಮ್ಮ ಬೆರಳನ್ನು ಪಕ್ಕದವನ ಮೇಲೆ ಸರಿಸಿದರು.

"ತಪ್ಪಿತು ಮಗಾ. ನಾನು ಇವನು."

ತೃಷಾ ಚಿತ್ರ ನೋಡಿದಳು, ಅಪ್ಪನನ್ನು ನೋಡಿದಳು, ಮೊಬೈಲನ್ನು ಚೀಲದೊಳಗೆ ಹಾಕಿದಳು.